ಸಮುದ್ರದ ನೀರು ಎಷ್ಟು ತಿಳಿ? ಬಿಳಿ ತಟ್ಟೆ ಇಳಿಬಿಟ್ಟು ನೋಡಿ

30 ಸೆಂ.ಮೀ. ಅಗಲದ ಒಂದು ಬಿಳಿ ತಟ್ಟೆ, ಉದ್ದನೆಯ ಹಗ್ಗ, ತಟ್ಟೆಯ ಕೆಳಗೆ ಕಟ್ಟಲು ಒಂದಿಷ್ಟು ಭಾರ. ಸೆಕಿ ಡಿಸ್ಕ್ ಅಂದರೆ ಇಷ್ಟೇ. ಆಂಜೆಲೊ ಸೆಕಿ ಅನ್ನುವ ಇಟಲಿಯ ಪಾದ್ರಿ, ಆಕಾಶ ನೋಡುವ ವಿಜ್ಞಾನಿ ಕೂಡ, 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಇಂಥ ತಟ್ಟೆಗಳನ್ನು ಹಡಗಿನಿಂದ ಇಳಿಬಿಟ್ಟು, ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತವೆ ಅಂತ ಅಳೆದ. ಇವತ್ತಿಗೂ ಅದೇ ವಿಧಾನ.

ಉಪಗ್ರಹ ಇರುವಾಗ ಇದ್ಯಾಕೆ ಅಂತೀರಾ? ಉಪಗ್ರಹಗಳು ಸಮುದ್ರದ ಬಣ್ಣ ನೋಡೋಕೆ ಶುರು ಮಾಡಿದ್ದೇ 1978ರಲ್ಲಿ. ಅದಕ್ಕೂ ಹಿಂದಿನ ನೂರು ವರ್ಷದ ಕಥೆ ಬೇಕಿದ್ದರೆ ಹಳೇ ತಟ್ಟೆಯ ಲೆಕ್ಕಗಳೇ ಗತಿ, ಅವುಗಳ ಜೊತೆ ಹೋಲಿಸಲು ಇವತ್ತಿನ ಲೆಕ್ಕವೂ ಬೇಕಲ್ವಾ. ದಡದಿಂದ ದೂರದಲ್ಲಿ ನೀರು ಮಬ್ಬಾಗುವುದು ಹೆಚ್ಚಾಗಿ ಫೈಟೊಪ್ಲಾಂಕ್ಟನ್‌ನಿಂದ, ಅಂದರೆ ಬಿಸಿಲು ಕುಡಿದು ಬದುಕುವ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳಿಂದ. ಮೀನು, ತಿಮಿಂಗಿಲ ಎಲ್ಲದರ ಊಟ ಕೊನೆಗೆ ಇವುಗಳಿಂದಲೇ ಬರಬೇಕು.

ತಟ್ಟೆಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿಯಿರಿ. ಕಪ್ಪು-ಬಿಳುಪು ಚೌಕಳಿಯದ್ದು ಕೆರೆಗಳಿಗೆ, ಸಮುದ್ರಕ್ಕೆ ಪೂರ್ತಿ ಬಿಳಿ. ನಡುವೆ ತೂತು ಕೊರೆದು ಹಗ್ಗ ಪೋಣಿಸಿ, ತಟ್ಟೆ ಓರೆಯಾಗದಂತೆ ಗಂಟು ಹಾಕಿ. ಹಗ್ಗದಲ್ಲೇ ನಾನು ಎಡವಿದ್ದು. ಒಣ ಹತ್ತಿ ಹಗ್ಗಕ್ಕೆ ಮೀಟರ್ ಗುರುತು ಹಾಕಿದ್ದೆ, ನೆಂದ ಮೇಲೆ ಅದರ ಉದ್ದವೇ ಬದಲಾಯ್ತು, ಒಂದಿಡೀ ದಿನದ ಅಳತೆ ಹಾಳು. ಹಿಗ್ಗದ ಟೇಪ್ ಸಿಕ್ಕರೆ ಅದನ್ನೇ ಬಳಸಿ.

ದೋಣಿಯಲ್ಲಿ ದಡದಿಂದ ದೂರ ಹೋಗಿ. ಸೂರ್ಯ ನೆತ್ತಿಯ ಹತ್ತಿರ ಇರಬೇಕು, ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ ಆದರೆ ಒಳ್ಳೆಯದು. ಕೂಲಿಂಗ್ ಗ್ಲಾಸ್ ತೆಗೆದಿಡಿ. ನೀರಿನ ಹೊಳಪು ಕಣ್ಣಿಗೆ ಹೊಡೆಯದ, ದೋಣಿಯ ನೆರಳು ಬಿದ್ದಿರುವ ಪಕ್ಕದಿಂದ ತಟ್ಟೆಯನ್ನು ನಿಧಾನ ಇಳಿಸಿ. ಮೊದಲು ಬೆಳ್ಳಗೆ ಕಾಣುತ್ತದೆ, ಆಮೇಲೆ ತಿಳಿ ಹಸಿರು, ಆಮೇಲೆ ಒಂದು ಮಸುಕು ಚುಕ್ಕೆ, ಇದೆಯೋ ಇಲ್ಲವೋ ಅನ್ನುವಂತೆ ಅಲುಗಾಡುತ್ತಿರುತ್ತದೆ, ಪಟ್ಟನೆ ಮಾಯ. ಅಲ್ಲೇ ನಿಲ್ಲಿಸಿ, ಹಗ್ಗ ನೀರು ಮುಟ್ಟುವ ಜಾಗಕ್ಕೆ ಕ್ಲಿಪ್ ಹಾಕಿ. ಮೆಲ್ಲಗೆ ಎತ್ತಿ, ಮತ್ತೆ ಕಂಡ ಕೂಡಲೇ ಇನ್ನೊಂದು ಕ್ಲಿಪ್. ಎರಡರ ಸರಾಸರಿಯೇ ನಿಮ್ಮ ಸೆಕಿ ಆಳ.

ಹಗ್ಗ ಓರೆಯಾಗಿ ಹೋಗುತ್ತಿದ್ದರೆ ಆ ಅಳತೆ ಸುಳ್ಳು ಆಳ ಹೇಳುತ್ತದೆ. ಭಾರ ಜಾಸ್ತಿ ಮಾಡಿ ಮತ್ತೆ ಇಳಿಸಿ. ಮಾಯವಾಗುವ ಮೊದಲೇ ತಟ್ಟೆ ತಳ ಮುಟ್ಟಿದರೆ ಇನ್ನೂ ಆಳದ ಕಡೆ ಹೋಗಬೇಕು.

ದಿನಾಂಕ, ಸಮಯ, ಮೋಡ, ಫೋನಿನ ಜಿಪಿಎಸ್ ತೋರಿಸುವ ಜಾಗ, ಎಲ್ಲವನ್ನೂ ಅಲ್ಲೇ ಬರೆದುಕೊಳ್ಳಿ, ಮನೆಗೆ ಹೋಗಿ ಬರೆದರಾಯ್ತು ಅನ್ನಬೇಡಿ. ಸಂಖ್ಯೆ ವಿಚಿತ್ರ ಅನ್ನಿಸಿದರೂ ಸುಮ್ನೆ ತಿದ್ದಬೇಡಿ. 1986ರಲ್ಲಿ ಅಂಟಾರ್ಕ್ಟಿಕಾದ ವೆಡ್ಡೆಲ್ ಸಮುದ್ರದಲ್ಲಿ ತಟ್ಟೆ ಸುಮಾರು 80 ಮೀಟರ್ ಆಳದವರೆಗೂ ಕಂಡಿತ್ತು. ಇಂಥ ಅಳತೆಗಳನ್ನು ಕೂಡಿಹಾಕಲು 2013ರಲ್ಲಿ ಶುರುವಾದ ಸೆಕಿ ಡಿಸ್ಕ್ ಸ್ಟಡಿ ಅನ್ನುವ ಅಧ್ಯಯನಕ್ಕೆ ಫೋನ್ ಆ್ಯಪ್ ಇದೆ, ನಾವಿಕರು, ಮೀನುಗಾರರು ಅದರಿಂದಲೇ ಅಳತೆ ಕಳಿಸುತ್ತಾರೆ. ವಾಪಸ್ ಬಂದ ಮೇಲೆ ತಟ್ಟೆಯನ್ನು ಸಿಹಿನೀರಲ್ಲಿ ತೊಳೆದಿಡಿ, ಹಳದಿಗಟ್ಟಿದರೆ ಮತ್ತೆ ಬಿಳಿ ಬಳಿಯಬೇಕಾಗುತ್ತದೆ.