ದಾಳಿಂಬೆ ಬುಡದಲ್ಲಿ ಎರಡು ಸೆನ್ಸರ್: ನನ್ನ ಅನುಭವ

ಮಣ್ಣು ಉಂಡೆ ಕಟ್ಟಿ ನೋಡಿದರೆ ಗೊತ್ತಾಗುವ ತೇವಕ್ಕೆ ಸೆನ್ಸರ್ ಹೂತು ಸಾವಿರಗಟ್ಟಲೆ ಯಾಕೆ ಸುರೀತೀಯ ಅಂದವರೇ ಈಗ ಮೀಟರ್ ಕೇಳಿಕೊಂಡು ಬರುತ್ತಿದ್ದಾರೆ. ಉಂಡೆ ಹೇಳುವುದು ಮೇಲಿನ ಅರ್ಧ ಅಡಿಯ ಸುದ್ದಿ. ನನಗೆ ಬೇಕಿದ್ದದ್ದು ಎರಡಡಿ ಕೆಳಗಿನದು.

ಜಮೀನು ಹಿರಿಯೂರು ಕಡೆಯದು. ಮರಳು ಮಿಶ್ರಿತ ಕೆಂಪು ಮಣ್ಣು, ಎರಡೂವರೆ ಅಡಿಗೆ ಗರಸು. ಗಿಡಕ್ಕೆ ಗಂಟೆಗೆ 4 ಲೀಟರಿನ ನಾಲ್ಕು ಡ್ರಿಪ್ಪರ್.

ಮೊದಲು ಹಾಕಿದ್ದು 150 ರೂಪಾಯಿ ಆಸುಪಾಸಿನ ಕೆಪಾಸಿಟಿವ್ ಪಟ್ಟಿಗಳು, ಮಣ್ಣಿಗೆ ಚುಚ್ಚುವ ತೆಳು ಸರ್ಕ್ಯೂಟ್ ಬೋರ್ಡಿನ ಸೆನ್ಸರ್. ಒಂದೂ ಮಳೆಗಾಲ ದಾಟಲಿಲ್ಲ. ಆ ಬೋರ್ಡಿನ ಅಂಚಿಗೆ ಲೇಪವೇ ಇರುವುದಿಲ್ಲ, ಅಲ್ಲಿಂದ ನೀರು ಹೀರುತ್ತದೆ. ಎಪಾಕ್ಸಿ ಬಳಿದರೆ ಇನ್ನಷ್ಟು ದಿನ ಬಾಳುತ್ತದೆ, ಆದರೆ ರಸಾವರಿ (ಡ್ರಿಪ್ ನೀರಿನಲ್ಲೇ ಗೊಬ್ಬರ) ಕೊಟ್ಟ ದಿನ ಉಪ್ಪಿಗೆ ಮೋಸ ಹೋಗಿ ಒಣ ಮಣ್ಣನ್ನೂ ಹಸಿ ಅನ್ನುತ್ತದೆ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯ ಬಣ್ಣದ ದೀಪದ ಮಾಪಕ ಹೊಲ ಸುತ್ತುವಾಗ ಚುಚ್ಚಿ ನೋಡಲು ಚೆನ್ನ. ನೀರಿನ ಓಡಾಟ ಹಿಡಿಯಲು ಮಾತ್ರ ಹೂತಿಟ್ಟದ್ದೇ ಬೇಕು.

ಆಮೇಲೆ ತರಿಸಿದ್ದು ವಾಟರ್‌ಮಾರ್ಕ್, ಮಣ್ಣು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ತೋರಿಸುವ, ಹೂತಿಡುವ ಸೆನ್ಸರ್. ಒಂದಕ್ಕೆ 4 ಸಾವಿರದ ಮೇಲೆ; ಆರು ಸೆನ್ಸರ್, ವೈರು, ಪೈಪು ಸೇರಿ 30 ಸಾವಿರದ ಹತ್ತಿರ. ಹೂಳುವ ಮುಂಚೆ ಅರ್ಧ ಗಂಟೆ ನೆನೆಸಿ ಸಂಜೆವರೆಗೆ ಒಣಗಿಸುವುದು, ಮತ್ತೆ ನೆನೆಸಿ ರಾತ್ರಿ ಒಣಗಿಸುವುದು, ಹೀಗೆ ಎರಡು ದಿನ. ಕೊನೆಗೆ ರಾತ್ರಿಯಿಡೀ ನೆನೆಸಿ ಹಸಿಯಾಗೇ ಇಳಿಸಬೇಕು. ಇದನ್ನು ಬಿಟ್ಟರೆ ಮೊದಲ ವಾರಗಳ ಅಂಕಿ ನಂಬುವಂತಿಲ್ಲ.

ಡ್ರಿಪ್ಪರಿನಿಂದ ಅರ್ಧ ಅಡಿ ದೂರ, ಒಂದು 1 ಅಡಿ ಆಳಕ್ಕೆ, ಇನ್ನೊಂದು 2 ಅಡಿಗೆ. ಎರಡಕ್ಕೂ ಬೇರೆ ಬೇರೆ ತೂತು. ಲ್ಯಾಟರಲ್ (ಸಾಲಿಗೆ ಹಾಸಿದ ಡ್ರಿಪ್ ಪೈಪು) ತುದಿಯ ಗಿಡ ಬೇಡ. ಹಿಂದಿನ ದಿನ ನೀರು ಬಿಟ್ಟು, 22 ಮಿಲಿಮೀಟರ್ ಸರಳಿನಲ್ಲಿ ತೂತು ಹೊಡೆಯಿರಿ. ಹಾರೆಯಲ್ಲಿ ಹೊಡೆದರೆ ತೂತು ಅಗಲವಾಗಿ ಸೆನ್ಸರ್ ಸುತ್ತ ಗಾಳಿ ಉಳಿಯುತ್ತದೆ. ಅದೇ ಮಣ್ಣನ್ನು ಜರಡಿ ಹಿಡಿದು, ಗಂಜಿ ಹದಕ್ಕೆ ಕಲಸಿ ತಳಕ್ಕೆ ಸುರಿದು ಸೆನ್ಸರ್ ಒತ್ತಿ. ಸೆನ್ಸರ್ ಕೂರಿಸಿದ ಪೈಪಿನ ಪಕ್ಕ ಪದರ ಪದರವಾಗಿ ದಮ್ಮಸು ಮಾಡಿ, ಮೇಲೆ ಸಣ್ಣ ಗುಪ್ಪೆ ಕಟ್ಟಿ. ಕೆಳಗಿನದು ಮೇಲಿನದಕ್ಕಿಂತ ಮೊದಲು ಹಸಿಯಾದರೆ ನೀರು ಪೈಪು ಹಿಡಿದು ಜಾರುತ್ತಿದೆ ಎಂದರ್ಥ. ಕಿತ್ತು ಮತ್ತೆ ಹೂಳಬೇಕು, ಬೇರೆ ದಾರಿಯಿಲ್ಲ. ನಾನು ಆ ಗಂಜಿಗೆ ಇನ್ನೊಂದು ಪುಡಿ ಸೇರಿಸುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮಲ್ಟಿಮೀಟರಿನಲ್ಲಿ ಓಮ್ ನೋಡಲು ಹೋಗಬೇಡಿ. ಅದರ ಡಿಸಿ (ಒಂದೇ ದಿಕ್ಕಿನ) ಕರೆಂಟಿಗೆ ಅಂಕಿ ನಿಲ್ಲದೆ ಸರಿಯುತ್ತಲೇ ಇರುತ್ತದೆ. ಆರ್ಡುಯಿನೋ ಎಂಬ ಪುಟ್ಟ ಪ್ರೋಗ್ರಾಂ ಬೋರ್ಡಿನಲ್ಲಿ ಎರಡು ಪಿನ್ ಅದಲು ಬದಲು ಮಾಡಿ ಓದಿಸಿದರೆ ಸಾಕು: 550 ಓಮ್ ಅಂದರೆ ಸೊನ್ನೆ, 6 ಸಾವಿರಕ್ಕೆ ಸುಮಾರು 35 ಸೆಂಟಿಬಾರ್ (ಮಣ್ಣಿನ ಬಿಗಿತದ ಅಳತೆ; ಅಂಕಿ ಏರಿದಷ್ಟೂ ಮಣ್ಣು ಒಣ). ವೈರನ್ನು ಅರ್ಧ ಇಂಚಿನ ಪೈಪಿನೊಳಗೆ ಎಳೆಯದಿದ್ದರೆ ಇಲಿ ಬಿಟ್ಟದ್ದನ್ನು ಕಳೆ ಕತ್ತರಿಸುವ ಮೆಷಿನ್ ಮುಗಿಸುತ್ತದೆ.

ನಾಲ್ಕು ಗಂಟೆ ಒಂದೇ ಸಮನೆ ನೀರು ಬಿಟ್ಟಾಗ 2 ಅಡಿಯ ಸೆನ್ಸರ್ ಅಂದೇ ರಾತ್ರಿ 10ಕ್ಕಿಂತ ಕೆಳಗಿಳಿಯುತ್ತಿತ್ತು. ಬೇರಿನ ಬಹುಪಾಲು ಒಂದೂವರೆ ಅಡಿಯೊಳಗೆ. ಅದರ ಕೆಳಗೆ ಹೋದದ್ದು ನೀರಷ್ಟೇ ಅಲ್ಲ, ದುಡ್ಡು ಕೊಟ್ಟು ತಂದ ಗೊಬ್ಬರ ಕೂಡ. ಈಗ ಮೇಲಿನದು 30 ಮುಟ್ಟಿದಾಗ ಒಂದೂವರೆ ಗಂಟೆ ಬಿಡುತ್ತೇನೆ, ರಸಾವರಿ ಕೊನೆಯ ಅರ್ಧ ಗಂಟೆಯಲ್ಲಿ, ಪೈಪು ತೊಳೆಯಲು ಹತ್ತು ನಿಮಿಷ ಉಳಿಸಿಕೊಂಡು. ಕೆಳಗಿನದು 20–40ರ ನಡುವೆ ನಿಧಾನ ಆಡುತ್ತಿದೆ. ಪಂಪ್‌ಸೆಟ್ ಕರೆಂಟ್ ನಮಗೆ ಉಚಿತವಾದ್ದರಿಂದ ಬಿಲ್ಲಿನಲ್ಲಿ ಉಳಿತಾಯ ಹುಡುಕಬೇಡಿ. ತ್ರೀಫೇಸ್ ಇರುವಷ್ಟರಲ್ಲೇ ಇನ್ನೊಂದು ವಾಲ್ವ್ ತಿರುಗಿಸಿ ಮತ್ತೊಂದು ಭಾಗಕ್ಕೂ ನೀರು ಬಿಡಲಾಗುತ್ತಿದೆ, ಗೊಬ್ಬರ ಮೂರರಲ್ಲೊಂದು ಪಾಲು ಕಡಿಮೆಯಾಗಿದೆ, ಹಣ್ಣು ಒಡೆಯುವುದೂ ಇಳಿದಿದೆ.

ನಡುವೆ ಒಂದು ಸಾಲಿಗೆ 2 ಲೀಟರಿನ ಡ್ರಿಪ್ಪರ್ ಹಾಕಿ ಎರಡರಷ್ಟು ಹೊತ್ತು ಬಿಟ್ಟು, ಅಡ್ಡ ಅಗೆದು ಅಳೆದೆ. ಹಸಿಯ ಅಗಲದಲ್ಲಿ ಎರಡು ಮೂರು ಇಂಚಿನ ವ್ಯತ್ಯಾಸ, ಅಷ್ಟೇ. ನಮ್ಮ ಬೋರಿನ ಗಡಸು ನೀರಿಗೆ ಅವು ಬೇಗ ಕಟ್ಟಿಕೊಂಡವು, ತೆಗೆದೆ.

ಕಪ್ಪು ಮಣ್ಣಿನವರು ಈ ಅಂಕಿಗಳನ್ನು ಎತ್ತಿಕೊಳ್ಳಬೇಡಿ. ಅಲ್ಲಿ ನೀರು ಪಕ್ಕಕ್ಕೆ ಹರಡುತ್ತದೆ, 50–60ರವರೆಗೂ ಕಾಯಬಹುದು. ಆದರೆ ಮಣ್ಣು ಬಿರುಕು ಬಿಟ್ಟು ಸೆನ್ಸರ್ ಬಿಟ್ಟುಕೊಂಡರೆ ಅಂಕಿ 200ರ ಹತ್ತಿರ ಹಾರುತ್ತದೆ. ಆಗ ಸುತ್ತ ಚೆನ್ನಾಗಿ ನೆನೆಸಿ, ಮಾರನೇ ದಿನವೂ ಇಳಿಯದಿದ್ದರೆ ಕಿತ್ತು ಗಂಜಿ ಹಾಕಿ ಮತ್ತೆ ಹೂಳಿ.