ನಡೆಯುವುದನ್ನು ಬಿಟ್ಟ ಮೇಲೆ ಸಿಕ್ಕ ಹಕ್ಕಿಗಳು

ಮೂರು ಚಳಿಗಾಲ ಹಕ್ಕಿ ನೋಡುವ ಗುಂಪಿನ ಜೊತೆ ನಡೆದಿದ್ದೇನೆ. ನಸುಕಿಗೆ ಹೊರಟರೆ 5-6 ಕಿಲೋಮೀಟರ್. ವಾಪಸಾಗುವ ಹೊತ್ತಿಗೆ ಪಟ್ಟಿಯಲ್ಲಿ 25ರಿಂದ 28 ಜಾತಿ, ಅದರಲ್ಲಿ ಅರ್ಧ ಮನೆಯ ಮಹಡಿಯಿಂದಲೇ ಕಾಣುವಂಥವು. ನಾಲ್ಕನೇ ವರ್ಷ ನಡೆಯುವುದನ್ನೇ ಬಿಟ್ಟೆ. ಕೆರೆಯಂಚಿನ ಕಾಲುದಾರಿಯಲ್ಲಿ ಸುಮಾರು 200 ಮೀಟರ್ ಜಾಗ ಆರಿಸಿಕೊಂಡು, ಮಡಚುವ ಸ್ಟೂಲ್ ಹಾಕಿ ಕೂತುಬಿಟ್ಟೆ. ಗುಂಪಿನವರು ಹಾದುಹೋಗುವಾಗ "ಏನ್ ಸ್ವಾಮಿ, ಧ್ಯಾನ ಮುಗೀತಾ?" ಅಂತ ನಗುತ್ತಿದ್ದರು. ಈ ಸಲ ಜನವರಿಯ ಒಂದೇ ಬೆಳಿಗ್ಗೆ ನನ್ನ ಪಟ್ಟಿ 46 ಮುಟ್ಟಿತು. ಈಗ ಯಾರೂ ನಗುತ್ತಿಲ್ಲ.

ಒಂದೇ ಕಡೆ ಕೂರುವ ಧೈರ್ಯ ಬಂದಿದ್ದು ವಲಸೆ ಹಕ್ಕಿಗಳ ಹಟ ನೋಡಿ. ಹಸಿರು ಛಾಯೆಯ ಪುಟ್ಟ ಹಕ್ಕಿ ಗ್ರೀನಿಶ್ ವಾರ್ಬ್ಲರ್ ಚಳಿಗಾಲದಲ್ಲೂ ತನ್ನ ಮರಗಳನ್ನು ಬಿಟ್ಟುಕೊಡುವುದಿಲ್ಲ, ಇನ್ನೊಂದು ಬಂದರೆ ಕೂಗಿ ಅಟ್ಟುತ್ತದೆ. ಬಾಲ ಕುಣಿಸುವ ಬೂದು ಸಿಪಿಲೆಯೂ ಅಷ್ಟೇ. ಪಕ್ಷಿತಜ್ಞ ಸಲೀಂ ಅಲಿಯವರ ಮುಂಬೈ ಮನೆಯ ಹುಲ್ಲುಹಾಸಿಗೆ ಒಂದೇ ಸಿಪಿಲೆ ವರ್ಷವರ್ಷವೂ ಬರುತ್ತಿದ್ದ ಕಥೆ ನಿಮಗೆ ಗೊತ್ತೇ ಇರುತ್ತದೆ. ಅವುಗಳ ದಿನಚರಿ ಅಷ್ಟು ಗಟ್ಟಿಯಿದ್ದರೆ ನಾನ್ಯಾಕೆ ಅಲೆಯಬೇಕು? ಸುತ್ತು ಹಾಕುವುದು ಅವುಗಳ ಪಾಲಿಗಿರಲಿ.

ಆದರೆ ಮೊದಲ ತಿಂಗಳು ಬರೀ ಸೋಲು. ಪೂರ್ವಕ್ಕೆ ಮುಖ ಮಾಡಿ ಕೂತಿದ್ದೆ, ಪೆದ್ದನ ಹಾಗೆ. ಬಿಸಿಲು ಕಣ್ಣಿಗೆ ಹೊಡೆದು ಪ್ರತಿ ಹಕ್ಕಿಯೂ ಕರಿ ನೆರಳು. ಒಂದು ದಿನ 14 ಜಾತಿಗೆ ನಿಂತಿತು. ಆಮೇಲೆ ಜೊಂಡಿಗೆ ತೀರಾ ಹತ್ತಿರ ಹೋದೆ, ಒಳಗಿದ್ದವು ಹೊರಗೇ ಬರಲಿಲ್ಲ. ಹೊಸ ಜಾಕೆಟ್ಟಿನದು ಇನ್ನೊಂದು ಕಾಟ. ಬೆಚ್ಚಗೇನೋ ಇತ್ತು, ಕೈ ಎತ್ತಿದರೆ ಸಾಕು, ಸರಕ್ ಅನ್ನುತ್ತಿತ್ತು. ದುಡ್ಡು ಕೊಟ್ಟು ತಂದದ್ದು ಬೀರು ಸೇರಿತು, ಹಳೇ ಸ್ವೆಟರ್ ಹೊರಬಂತು.

ದುಡ್ಡು ಹಾಳುಮಾಡಿದ್ದು ಇನ್ನೂ ಇದೆ. ದೂರದ್ದೆಲ್ಲ ಹತ್ತಿರ ಕಾಣಲಿ ಅಂತ ಶುರುವಿನಲ್ಲಿ 20×50 ಬೈನಾಕ್ಯುಲರ್ ಕೊಂಡಿದ್ದೆ: 20 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 50 ಮಿಲಿಮೀಟರ್. 50ನ್ನು 20ರಿಂದ ಭಾಗಿಸಿ, ಕಣ್ಣಿಗೆ ಬರುವ ಬೆಳಕಿನ ವೃತ್ತ ಎರಡೂವರೆ ಮಿಲಿಮೀಟರ್. ಮಂಜಿನ ನಸುಕಿಗೆ ಅದು ಯಾವ ಮೂಲೆಗೂ ಸಾಲದು, ಮೇಲೆ ಕೈನಡುಕ ಬೇರೆ. ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಮಾರಿ 8×42 ತಂದೆ, ಅದರದ್ದು ಐದು ಮಿಲಿಮೀಟರಿಗೂ ಮೇಲೆ. ಆ ಬೆಳಗ್ಗೆಯೇ ಪೊದೆಯೊಳಗಿನ ಕಂದು ಹಕ್ಕಿಗೆ ಹುಬ್ಬಿದೆ ಅಂತ ಗೊತ್ತಾಯಿತು.

ರಾತ್ರಿ ದನಿಗಳನ್ನು ಹಿಡಿಯೋಣ ಅಂತ ಹಳೇ ಫೋನನ್ನು ರೆಕಾರ್ಡಿಂಗಿಗೆ ಹಾಕಿ ಪೊದೆಯಲ್ಲಿಟ್ಟೂ ನೋಡಿದೆ. ಇಬ್ಬನಿ ಇಳಿದು ಫೋನ್ ಸತ್ತಿತು. ಸಿಕ್ಕಿದ್ದು ಎರಡು ಗಂಟೆಯ ಕಪ್ಪೆ ಸಂಗೀತ. ಹಕ್ಕಿಗಳನ್ನು ಹೊರಗೆ ಕರೆಯಲು ತುಟಿಯಲ್ಲಿ ಪಿಶ್ ಪಿಶ್ ಮಾಡುವ ಉಪಾಯಕ್ಕೆ ಮೊದಲೆರಡು ದಿನ ಪಿಕಳಾರಗಳು ಬಂದು ಬೈದು ಹೋದವು, ಮೂರನೇ ದಿನ ಅವೂ ಕ್ಯಾರೇ ಅನ್ನಲಿಲ್ಲ. ನಾಲ್ಕನೇ ದಿನ ಬಂದದ್ದು ಹಕ್ಕಿ ಹಿಡಿದು ತಿನ್ನುವ ಪುಟ್ಟ ಗಿಡುಗ, ಶಿಕ್ರಾ. ಅದು ಕೂತಷ್ಟು ಹೊತ್ತು ಇಡೀ ದಾರಿ ಮೌನ. ಒಮ್ಮೆ ವಾರ್ಬ್ಲರಿಗೆ ಅದರದ್ದೇ ದನಿಯ ರೆಕಾರ್ಡಿಂಗ್ ಕೇಳಿಸಿದ್ದೂ ಉಂಟು. ಹುಳ ಹುಡುಕುವುದನ್ನು ಬಿಟ್ಟು ತುಂಬಾ ಹೊತ್ತು ಕೂಗಾಡಿತು. ಚಳಿಯಲ್ಲಿ ಹೊಟ್ಟೆಪಾಡೇ ಅದರ ಕಷ್ಟ, ನನ್ನ ಚಟಕ್ಕೆ ಅದನ್ನೂ ಕೆಡಿಸಿದೆನಲ್ಲ ಅನ್ನಿಸಿ ಅಲ್ಲಿಗೇ ಕೈಬಿಟ್ಟೆ.

ಈಗಿನ ಲೆಕ್ಕ ಹೀಗೆ. ಸೂರ್ಯ ಬೆನ್ನ ಹಿಂದೆ. ಬೆಳಕು ಹರಿಯುವ ಮುಂಚೆ 20 ನಿಮಿಷ ಕಿವಿಯದ್ದೇ ಕೆಲಸ: ಪೊದೆಯ ಕಂದು ಹಕ್ಕಿ ಬ್ಲೈತ್ಸ್ ರೀಡ್ ವಾರ್ಬ್ಲರಿನ "ಚೆಕ್... ಚೆಕ್", ಗ್ರೀನಿಶ್‌ನ "ಚಿಸ್ಲಿ". ಬಿಸಿಲು ಮೊದಲು ತಾಗುವುದು ಮರದ ನೆತ್ತಿಗೆ, ಹುಳಗಳು ಅಲ್ಲೇ ಮೊದಲು ಏಳುತ್ತವೆ, ಹಕ್ಕಿಗಳೂ ಅಲ್ಲೇ. ಬಿಸಿಲಿನ ಗೆರೆ ಇಳಿದಂತೆ ಹಕ್ಕಿಗಳೂ ಕೊಂಬೆ ಕೊಂಬೆಯಾಗಿ ಇಳಿಯುತ್ತವೆ. ಕಾಜಾಣ ಎಲ್ಲಿಗೆ ಜಿಗಿಯಿತು ಅಂತ ಒಂದು ಕಣ್ಣಿಟ್ಟಿರಿ, ಮಿಕ್ಕವು ಹಿಂದೆಮುಂದೆಯೇ ಇರುತ್ತವೆ. ಎರಡೂವರೆ ಗಂಟೆ ಕಳೆದರೆ ಎದ್ದುಬಿಡುತ್ತೇನೆ, ಆಮೇಲಿನದು ಬರೀ ಸೊಂಟನೋವು.

46ರ ಬೆಳಿಗ್ಗೆ ನೀಲಿ ಗಂಟಲಿನ ಪುಟ್ಟ ವಲಸೆ ಹಕ್ಕಿ ಬ್ಲೂಥ್ರೋಟ್ ಬಂತು. ಜೊಂಡಿನ ಬುಡದಲ್ಲಿ ಹಸಿ ಕೆಸರು ಒಂದು ಚಾಪೆಯಷ್ಟು ಬಯಲಾಗಿತ್ತು. ಮೊದಲು ಬಿಳಿ ಹುಬ್ಬು, ಆಮೇಲೆ ಎರಡು ಕಡ್ಡಿ ಕಾಲು. ನಾಲ್ಕು ಹೆಜ್ಜೆ ಓಡಿ ನಿಂತು ಬಾಲ ಎತ್ತಿತು, ಬಾಲದ ಬುಡದ ಇಟ್ಟಿಗೆ ಬಣ್ಣ ಎರಡೂ ಪಕ್ಕ ಹೊಳೆಯಿತು. ನನ್ನ ಕಡೆ ತಿರುಗಿದಾಗ ಗಂಟಲಲ್ಲಿ ನೀಲಿ ಇನ್ನೂ ಪೂರ್ತಿ ತುಂಬಿರಲಿಲ್ಲ, ಅಲ್ಲಲ್ಲಿ ಬಿಳಿ ಕಲೆ. ಕೆಸರಿನಿಂದ ಏನನ್ನೋ ಎಳೆದು ನುಂಗಿ, ಕೊಕ್ಕನ್ನು ಒಂದು ಕಡ್ಡಿಗೆ ಉಜ್ಜಿಕೊಂಡಿತು. ನಾನು ಉಸಿರು ಬಿಟ್ಟೆ, ಗಾಜು ಮಂಜಾಯಿತು. ಒರೆಸಿ ನೋಡುವಷ್ಟರಲ್ಲಿ ಜೊಂಡು ಮಾತ್ರ ಅಲ್ಲಾಡುತ್ತಿತ್ತು. ಮಾರನೇ ದಿನ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ಕೆಸರಿಗೆ ಬಂತು, ಅದರ ಮಾರನೇ ದಿನವೂ.

ಕಳೆದ ಭಾನುವಾರ ಗುಂಪಿನ ಇಬ್ಬರು ಸ್ಟೂಲ್ ಹಿಡಿದುಕೊಂಡೇ ಬಂದಿದ್ದರು. ಆ 200 ಮೀಟರ್ ದಾರಿಯನ್ನೆಲ್ಲ ತೋರಿಸಿದೆ. ಸ್ಟೂಲ್ ಯಾವ ಮರದ ಕೆಳಗೆ ಹಾಕುತ್ತೇನೆ, ತಲೆಯ ಮೇಲೆ ಏನು ಹೊದ್ದುಕೊಳ್ಳುತ್ತೇನೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.