ಹಾಲಿನ ಡೈರಿ ಮುಂದೆ ಸುವಾರ್ತೆ: ನನ್ನ ಅನುಭವ

ಮಂಡ್ಯದಲ್ಲಿ ನಮ್ಮದು ಚಿಕ್ಕ ಕ್ರೈಸ್ತ ಸಭೆ. 28 ಕುಟುಂಬ, ಬಾಡಿಗೆ ಹಾಲ್‌ನಲ್ಲಿ ಭಾನುವಾರದ ಆರಾಧನೆ. ವಾರವೆಲ್ಲಾ ನನಗೆ ಹೊಲಿಗೆ ಕೆಲಸ. ಸಭೆಯಲ್ಲಿ ಹಾಡು ಎತ್ತಿಕೊಡುವವಳು ನಾನೇ. ತಿಂಗಳಿಗೊಂದು ಶನಿವಾರ ಸಂಜೆ ನಾವು ಏಳೆಂಟು ಜನ ಸುತ್ತಮುತ್ತಲ ಹಳ್ಳಿಗೆ ಹೋಗಿ ಬಯಲಿನಲ್ಲಿ ಸುವಾರ್ತೆ, ಅಂದರೆ ಯೇಸುವಿನ ವಿಷಯ, ಹೇಳುತ್ತೇವೆ. ಆರು ವರ್ಷ ಆಯ್ತು. ಹೇಗೆ ಮಾಡ್ತೀರಿ ಅಂತ ಬೇರೆ ಸಭೆಯವರು ಕೇಳುತ್ತಿರುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲ ಹೋದಾಗ ಬಾಡಿಗೆಗೆ ಮೈಕ್ ಸೆಟ್ ತಂದಿದ್ದೆವು. ಆಟೋ ಮೇಲೆ ಎರಡು ಹಾರ್ನ್ ಕಟ್ಟಿದೆವು. ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬದಿಯ ಒಂದು ಊರು, ಮಾರ್ಚ್ ತಿಂಗಳು. ಸಭಾಪಾಲಕರು (ಪಾಸ್ಟರ್) ಪ್ರಸಂಗ, ಅಂದರೆ ಪ್ರವಚನ, ಶುರು ಮಾಡಿ ಹತ್ತು ನಿಮಿಷ ಆಗಿರಬೇಕು. ಎದುರಿಗೆ ಯಾರೂ ಇರಲಿಲ್ಲ. ಎಲ್ಲರೂ ದೂರದಲ್ಲಿ, ಬಾಗಿಲಲ್ಲಿ, ಜಗಲಿ ಮೇಲೆ ನಿಂತಿದ್ದರು. ಒಬ್ಬ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದರು.

"ನನ್ ಮಗಳು ಎಸ್ಸೆಸ್ಸೆಲ್ಸಿ ಕಣವ್ವ. ಓದ್ತಾ ಕೂತವ್ಳೆ. ಒಸಿ ಸಣ್ಣಕ್ಕೆ ಮಾಡ್ಕಳಿ."

ಸಣ್ಣಕ್ಕೆ ಮಾಡಲಿಲ್ಲ, ಪೂರ್ತಿ ಆರಿಸಿದೆವು. ಬರೀ ಡೋಲಕ್ ಇಟ್ಟುಕೊಂಡು ಒಂದು ಹಾಡು ಹೇಳಿದೆವು. ಆಗ ಜಗಲಿಯಲ್ಲಿದ್ದವರು ಎದ್ದು ಹತ್ತಿರ ಬಂದರು. ಕೇಳಿಸಬೇಕು ಅಂದರೆ ಹತ್ತಿರ ಬರಲೇಬೇಕಲ್ವಾ. ಅವತ್ತಿನಿಂದ ನಾವು ಮೈಕ್ ತೆಗೆದುಕೊಂಡು ಹೋಗಿಲ್ಲ.

ಅನುಮತಿಯ ವಿಷಯಕ್ಕೆ ಬರುತ್ತೇನೆ. ಮೈಕ್ ಇಲ್ಲದಿದ್ದರೂ ನಾವು ವಾರಕ್ಕೆ ಮೊದಲೇ ಪೊಲೀಸ್ ಸ್ಟೇಷನ್‌ಗೆ ಅರ್ಜಿ ಕೊಡುತ್ತೇವೆ. ಊರು, ಜಾಗ, ತಾರೀಕು, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಷ್ಟು ಜನ ಬರುತ್ತೇವೆ, ಎಲ್ಲಾ ಬರೆಯುತ್ತೇವೆ. ಇನ್ನೊಂದು ಪ್ರತಿಗೆ ಸೀಲು ಹಾಕಿಸಿ ಚೀಲದಲ್ಲಿ ಇಟ್ಟುಕೊಳ್ಳುತ್ತೇವೆ. ಮೈಕ್ ಬೇಕೇ ಬೇಕು ಅನ್ನುವವರು 2000ದ ಶಬ್ದ ಮಾಲಿನ್ಯ ನಿಯಮ ತಿಳಿದಿರಬೇಕು. ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಮನೆಗಳಿರುವ ಕಡೆ ಹಗಲಿನ ಮಿತಿ 55 ಡೆಸಿಬೆಲ್. ಹಾರ್ನ್ ಸ್ಪೀಕರ್ ಹತ್ತಿರ ಅದನ್ನು ದಾಟುವುದಕ್ಕೆ ಒಂದು ಹಲ್ಲೆಲೂಯಾ ಸಾಕು.

ಸಂವಿಧಾನದ 25ನೇ ವಿಧಿ ಧರ್ಮವನ್ನು ಸಾರುವ ಹಕ್ಕು ಕೊಟ್ಟಿದೆ. ಆದರೆ ಸಾರುವ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಸೇರಿಲ್ಲ ಅಂತ 1977ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2022ರಲ್ಲಿ ನಮ್ಮ ರಾಜ್ಯದಲ್ಲೂ ಒತ್ತಾಯ, ಮೋಸ, ಆಮಿಷದ ಮತಾಂತರದ ಮೇಲೆ ಕಾಯ್ದೆ ಬಂತು. ಕೆಲವು ವಿಶ್ವಾಸಿಗಳಿಗೆ ಇದನ್ನು ಕೇಳಿದರೆ ಭಯ. ನನಗೆ ಭಯ ಅನಿಸುವುದಿಲ್ಲ. ಹೇಳುವುದಷ್ಟೇ ನಮ್ಮ ಕೆಲಸ. ಕೇಳಿದ ಮೇಲೆ ಏನು ಮಾಡಬೇಕು ಅನ್ನುವುದು ಕೇಳಿದವರಿಗೆ ಬಿಟ್ಟದ್ದು. ಯೇಸು ಕೂಡ ಯಾರ ಕೈಯನ್ನೂ ಹಿಡಿದು ಎಳೆಯಲಿಲ್ಲ.

ಆಮಿಷದ ಬಗ್ಗೆ ನಮ್ಮದೇ ಒಂದು ತಪ್ಪಿದೆ. ಒಂದು ಊರಿನಲ್ಲಿ ಮಕ್ಕಳಿಗೆ ಬಿಸ್ಕತ್ತು ಹಂಚಿದ್ದೆವು. ನಾಲ್ಕೈದು ಹುಡುಗರು ಬಂದು ಮೊಬೈಲಿನಲ್ಲಿ ವಿಡಿಯೋ ಮಾಡತೊಡಗಿದರು. ಮಾತು ಬೆಳೆಯಿತು, ಪೊಲೀಸರು ಬಂದರು. ಅನುಮತಿ ಪತ್ರ ತೋರಿಸಿದೆವು. ಪತ್ರ ಸರಿ ಇತ್ತು. ಆದರೂ ಇವತ್ತಿಗೆ ಸಾಕು ಮಾಡಿ ಅಂದರು. ವಾದ ಮಾಡದೆ ಹೊರಟು ಬಂದೆವು. ಮುಂದಿನ ವಾರ ಸಭಾಪಾಲಕರೂ ನಾನೂ ಅದೇ ಊರಿನ ಯಜಮಾನರ ಮನೆಗೆ ಹೋದೆವು. ಆ ಹುಡುಗರಲ್ಲಿ ಒಬ್ಬ ಅಲ್ಲೇ ಇದ್ದ.

"ನಮ್ಮನೆ ಮಕ್ಳಿಗೆ ನಮ್ಮನ್ ಕೇಳ್ದೆ ಯಾಕಕ್ಕ ತಿನ್ನಕ್ ಕೊಡ್ತೀರಾ?" ಅಂತ ಕೇಳಿದ.

ನನಗೂ ಇಬ್ಬರು ಮಕ್ಕಳಿದ್ದಾರೆ. ಅವನ ಮಾತು ಸರಿ ಅನಿಸಿತು. ಕ್ಷಮೆ ಕೇಳಿದೆ. ಈಗ ಬಿಸ್ಕತ್ತು ಇಲ್ಲ, ಸೀರೆ ಇಲ್ಲ, ಸಹಾಯ ಮಾಡಿಸಿಕೊಡ್ತೀವಿ ಅನ್ನುವ ಮಾತೂ ಇಲ್ಲ. ತಂದೆತಾಯಿ ಪಕ್ಕದಲ್ಲಿ ಇಲ್ಲದಿದ್ದರೆ ಮಕ್ಕಳ ಕೈಗೆ ಒಂದು ಚೀಟಿಯನ್ನೂ ಕೊಡುವುದಿಲ್ಲ. ಜ್ವರ ಅಂತ ಯಾರಾದರೂ ಪ್ರಾರ್ಥನೆ ಕೇಳಿದರೆ ಮಾಡುತ್ತೇವೆ. ಜೊತೆಗೆ ಡಾಕ್ಟರ ಹತ್ತಿರ ಹೋದಿರಾ ಅಂತಲೂ ಕೇಳುತ್ತೇವೆ. ಮಾತ್ರೆ ನಿಲ್ಲಿಸಿ ಅಂತ ನಮ್ಮವರು ಯಾರೂ ಹೇಳಕೂಡದು. ಇನ್ನೊಬ್ಬರ ದೇವರ ಬಗ್ಗೆ ಒಂದು ಹಗುರ ಮಾತೂ ಬರಕೂಡದು. ಈ ಎರಡನ್ನು ಒಪ್ಪದವರನ್ನು ಕರೆದುಕೊಂಡೇ ಹೋಗುವುದಿಲ್ಲ.

ಜಾಗ, ಹೊತ್ತು ನೋಡಿಕೊಳ್ಳಬೇಕು. ದೇವಸ್ಥಾನದ ಮುಂದೆ, ಅರಳಿಕಟ್ಟೆ ಹತ್ತಿರ ನಿಲ್ಲುವುದಿಲ್ಲ. ಹಬ್ಬ, ಜಾತ್ರೆ ದಿನ ಹೋಗುವುದಿಲ್ಲ. ಊರಿನಲ್ಲಿ ಸಾವಾಗಿದ್ದರೆ ವಾಪಸ್ ಬರುತ್ತೇವೆ. ನಮಗೆ ಒಗ್ಗಿದ್ದು ಹಾಲಿನ ಡೈರಿ ಮುಂದಿನ ಜಾಗ. ಸಂಜೆ ಹಾಲು ಹಾಕಲು ಗಂಡಸರು, ಹೆಂಗಸರು ಎಲ್ಲರೂ ಬರುತ್ತಾರೆ. ಕ್ಯಾನ್ ಖಾಲಿಯಾದ ಮೇಲೆ ಹತ್ತು ನಿಮಿಷ ನಿಂತು ಮಾತಾಡುವ ಅಭ್ಯಾಸ ಮೊದಲೇ ಇದೆ. ಕೇಳಲು ಇಷ್ಟ ಇಲ್ಲದವರು ಸುಮ್ನೆ ಮನೆಗೆ ಹೋಗಬಹುದು.

ಕಥೆ ಹೇಳುವುದನ್ನು ನಾನು ಕಲಿತದ್ದು ನೀಲಗಾರರಿಂದ ಅಂದರೆ ಸಭೆಯಲ್ಲಿ ಕೆಲವರಿಗೆ ಇಷ್ಟ ಆಗಲಿಕ್ಕಿಲ್ಲ. ಆದರೆ ಅದು ನಿಜ. ಮಳವಳ್ಳಿ ಕಡೆ ನನ್ನ ಅಜ್ಜಿ ಮನೆ. ನೀಲಗಾರರು ತಂಬೂರಿ ಹಿಡಿದು ನಮ್ಮ ಕಡೆಯ ಜನ ಪೂಜಿಸುವ ಸಂತ ಮಂಟೇಸ್ವಾಮಿಯ ಕಥೆ ಹಾಡುವುದನ್ನು ಚಿಕ್ಕವಳಿದ್ದಾಗ ರಾತ್ರಿಯೆಲ್ಲಾ ಕೇಳಿದ್ದೇನೆ. ಒಬ್ಬರು ಮುಂದೆ ಹೇಳುತ್ತಾರೆ, ಹಿಮ್ಮೇಳದವರು ಹಿಡಿಯುತ್ತಾರೆ. ಹಾಡು ನಿಂತ ಕಡೆ ಮಾತು, ಮಾತು ನಿಂತ ಕಡೆ ಹಾಡು. ನಮ್ಮ ಭಾಗದ ಜನರ ಕಿವಿ ಅದಕ್ಕೆ ಪಳಗಿದೆ. ಪ್ರಸಂಗಕ್ಕೆ ಪಳಗಿಲ್ಲ. ಹಾಗಾಗಿ ನಾನು ಕಥೆ ಹೇಳುವಾಗ ನಮ್ಮ ಡೋಲಕ್ ಹುಡುಗ ನಡುನಡುವೆ "ಆಮೇಲೆ?" ಅನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಕೇಳುವವರೇ "ಆಮೇಲೆ?" ಅನ್ನುತ್ತಾರೆ.

ಜಾಸ್ತಿ ಹೇಳುವುದು ಲೂಕನ ಸುವಾರ್ತೆ 15ನೇ ಅಧ್ಯಾಯದ ತಪ್ಪಿಹೋದ ಮಗನ ಕಥೆ. ಅಪ್ಪ ಬದುಕಿರುವಾಗಲೇ ಚಿಕ್ಕ ಮಗ ಪಾಲು ಕೇಳುತ್ತಾನೆ. ಇಷ್ಟು ಹೇಳಿದರೆ ಸಾಕು, ಮಂಡ್ಯದ ಯಾವ ಊರಿನಲ್ಲೂ ವಿವರಿಸಬೇಕಾಗಿಲ್ಲ. ಪಾಲುಪಾರಿಕತ್ತು ಆಗದ ಮನೆ ಯಾವುದಿದೆ? ಮಗ ಎಲ್ಲಾ ಕಳೆದುಕೊಂಡು, ಹಂದಿ ಮೇಯಿಸಿ, ಹಸಿದು ವಾಪಸ್ ಬರುತ್ತಾನೆ. ಅಪ್ಪ ದೂರದಿಂದಲೇ ನೋಡಿ ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಕೊಬ್ಬಿದ ಕರು ಕೊಯ್ಯಿಸಿದ ಅಂತ ಸತ್ಯವೇದದಲ್ಲಿದೆ (ಬೈಬಲನ್ನು ನಾವು ಹಾಗೆ ಕರೆಯುತ್ತೇವೆ). ಹಸು ಸಾಕುವವರ ಮುಂದೆ, ಡೈರಿ ಬಾಗಿಲಲ್ಲಿ ನಿಂತು ಅದನ್ನು ಹೇಳಿದರೆ ಅವರ ಮನಸ್ಸಿಗೆ ನೋವಾಗುತ್ತದೆ. ನಾನು ದೊಡ್ಡ ಔತಣ ಮಾಡಿಸಿದ ಅನ್ನುತ್ತೇನೆ. ಯಾರಾದರೂ ಓದಿ ಬಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಮುಂಚೆ ಔತಣಕ್ಕೆ ಕಥೆ ನಿಲ್ಲಿಸಿ, ದೇವರು ಆ ಅಪ್ಪನ ಹಾಗೆ ಅಂತ ಹೇಳಿ ಮುಗಿಸುತ್ತಿದ್ದೆ. ಹೋದ ವರ್ಷ ಒಂದು ಸಂಜೆ ಹೆಗಲ ಮೇಲೆ ಟವೆಲ್ ಹಾಕಿದ್ದ ಒಬ್ಬ ಹಿರಿಯರು ಮಧ್ಯೆ ಬಾಯಿ ಹಾಕಿದರು.

"ಅದ್ಸರಿ ಕಣವ್ವ. ಪಾಲ್ ತಗಂಡು ಹಾಳ್ ಮಾಡ್ದೋನ್ಗೆ ಔತ್ಣ. ಮನೇಲಿ ಗೇಯ್ತಿದ್ದೋನ್ಗೆ?"

ಎಲ್ಲರೂ ನನ್ನ ಮುಖ ನೋಡಿದರು. ಅವರ ತಮ್ಮ ತನ್ನ ಪಾಲು ಮಾರಿ ಬೆಂಗಳೂರಿಗೆ ಹೋಗಿದ್ದಾನೆ, ಇವರೇ ಅಪ್ಪ ಅವ್ವನನ್ನು ಸಾಕಿದವರು ಅಂತ ಆಮೇಲೆ ಗೊತ್ತಾಯ್ತು. ಅವತ್ತು ನಾನು ಕಥೆಯ ಉಳಿದರ್ಧ ಹೇಳಿದೆ. ದೊಡ್ಡ ಮಗ ಹೊಲದಿಂದ ಬರುತ್ತಾನೆ. ವಾದ್ಯದ ಸದ್ದು ಕೇಳಿ, ವಿಷಯ ತಿಳಿದು ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಅಪ್ಪ ಅವನನ್ನೂ ಹುಡುಕಿಕೊಂಡು ಹೊರಗೆ ಬರುತ್ತಾನೆ. ನೀನು ಯಾವಾಗಲೂ ನನ್ನ ಜೊತೆ ಇದ್ದೀಯ, ಇರುವುದೆಲ್ಲಾ ನಿನ್ನದೇ, ಬಾ ಅಂತ ಕರೆಯುತ್ತಾನೆ.

"ಒಳಕ್ಕೆ ಹೋದ್ನಾ?" ಅಂದರು.

ಅದನ್ನು ಬರೆದಿಲ್ಲ ಅಂದೆ. ಯೇಸು ಕಥೆಯನ್ನು ಅಲ್ಲಿಗೇ ನಿಲ್ಲಿಸಿದ್ದಾನೆ. ಇಷ್ಟು ವರ್ಷ ಅದೇ ಅಧ್ಯಾಯ ಓದಿದ್ದರೂ ಅಪ್ಪ ಎರಡು ಸಲ ಮನೆಯಿಂದ ಹೊರಗೆ ಬಂದದ್ದನ್ನು ನಾನು ಗಮನಿಸಿರಲಿಲ್ಲ. ಮನೆಗೆ ಹೋದ ಮೇಲೆ ಅದನ್ನೇ ನೆನೆದು ತುಂಬಾ ಹೊತ್ತು ಅತ್ತೆ.

ಈಗ ಎಲ್ಲಿ ಹೋದರೂ ಕಥೆ ಪೂರ್ತಿ ಹೇಳುತ್ತೇನೆ. ಹೇಳಿದ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತಿರುತ್ತೇವೆ, ಕೇಳುವವರು ಕೇಳಲಿ ಅಂತ. ಮೊದಲು 200 ಕರಪತ್ರ ಹಂಚಿ ಬರುತ್ತಿದ್ದೆವು, ಅರ್ಧ ರಸ್ತೆಯಲ್ಲೇ ಬಿದ್ದಿರುತ್ತಿದ್ದವು. ಈಗ ಲೂಕನ ಸುವಾರ್ತೆಯ ಪುಟ್ಟ ಪುಸ್ತಕ ಐದಾರು ಇಟ್ಟುಕೊಂಡಿರುತ್ತೇವೆ. ಬಾಯಿ ಬಿಟ್ಟು ಕೇಳಿದವರಿಗೆ ಮಾತ್ರ ಕೊಡುತ್ತೇವೆ.

ಆ ಊರಿಗೆ ನಾಲ್ಕು ತಿಂಗಳ ಮೇಲೆ ಮತ್ತೆ ಹೋದೆವು. ಹಿರಿಯರು ಹಾಲು ಹಾಕಿ, ಕ್ಯಾನ್ ಪಕ್ಕಕ್ಕಿಟ್ಟು ನನ್ನ ಎದುರಿಗೇ ಕೂತರು. ನಾನು ಬೇರೆ ಕಥೆ ಶುರು ಮಾಡಿದೆ. ಕೈ ಎತ್ತಿ ನಿಲ್ಲಿಸಿದರು.

"ಅದಿರ್ಲಿ. ಆ ದೊಡ್ಡ ಮಗುಂದು ಇನ್ನೊಂದ್ ಸತಿ ಹೇಳವ್ವ."